ತೆಲುಗು ಮಾತಾಡುವ ಬೆಟ್ಟ

“ಅಯ್ಯೋ ಬಿಡೀಮ್ಮಾ, ತಟ್ಟೆ ಎತ್ತಬ್ಯಾಡಿ! ಉಂಡ ತಟ್ಟೆ ನೆಂಟ್ರೇ ತೊಳೆದ್ರೆ ನೋಡ್ದೋರು ಏನಂದಾರು?”

ಉಮಾದೇವಿ ಹಾಗೆನ್ನುತ್ತಲೇ ಪದ್ಮಲತಾಳ ಕೈಯಿಂದ ಎಂಜಲು ತಟ್ಟೆ ಕಿತ್ತುಕೊಂಡು ಹಿತ್ತಿಲ ಕಡೆ ನಡೆದುಬಿಟ್ಟಳು. ನೆಂಟ್ರು ಎಂದರೆ ಯಾರೋ ದೂರದವರಲ್ಲ, ಅವಳದೇ ಸೊಸೆ. ಮಗ ಗಂಗರಾಜುವಿನ ಹೆಂಡತಿ. ಕಾರ್ತಿಕದಲ್ಲಿ ಕಲ್ಯಾಣದುರ್ಗದಿಂದ ಮದುವೆಯಾಗಿ ಬಂದವಳು. ಈಗ ಅವರೆಕಾಯಿಯ ಸೊಗಡು ಊರೆಲ್ಲ ಹರಡುವ ಕಾಲ ಬಂದಿತ್ತು. ಆದರೂ ಆ ಮನೆಯಲ್ಲಿ ಪದ್ಮಲತಾ ಒಂದು ಲೋಟ ತೊಳೆದವಳಲ್ಲ. ತೊಳೆಯಲು ಬಿಟ್ಟರಲ್ಲವೆ?

ಗುಂಡ್ಲಟ್ಟಿಯ ರೀತಿಯೇ ಹಾಗೆ. ರೊದ್ದಂ ಕಡೆಯಿಂದ ಬರುವ ಬಸ್ಸು ಕೆಳಗೆ ಹುಣಸೆಮರದ ಹತ್ತಿರ ನಿಂತು, ಒಂದು ದೊಡ್ಡ ಉಸಿರು ಬಿಟ್ಟು, ಬಂದ ದಾರಿಗೇ ತಿರುಗುತ್ತದೆ. ಅಲ್ಲಿಂದ ಮೇಲಕ್ಕೆ ನಡೆದೇ ಬರಬೇಕು. ಬೆಟ್ಟದ ಮಡಿಲಲ್ಲಿ ಮನೆಗಿಂತ ದೊಡ್ಡ ಗುಂಡುಕಲ್ಲುಗಳು, ಒಂದೊಂದು ಗುಂಡಿಗೂ ಬೆನ್ನು ಕೊಟ್ಟುಕೊಂಡು ಒಂದೊಂದು ಮನೆ. ಹಿಂದಿನ ಗೋಡೆಯನ್ನು ಯಾರೂ ಕಟ್ಟಿಸಿಲ್ಲ, ಗುಂಡೇ ಗೋಡೆ. ಬೇಸಿಗೆಯಲ್ಲಿ ಅದಕ್ಕೆ ಕೆನ್ನೆ ಇಟ್ಟು ಮಲಗಿದರೆ ನಿದ್ದೆ ತಾನಾಗಿ ಬರುತ್ತದೆ. ಯಾರ ಮನೆಯವರು ಎಂದು ಕೇಳಿದರೆ ಗುಂಡಿನ ಹೆಸರು ಹೇಳುತ್ತಾರೆ. ಆನೆಗುಂಡಿನೋರು, ಮೊರಗುಂಡಿನೋರು. ಉಮಾದೇವಿಯವರದು ಕಪ್ಪೆಗುಂಡಿನ ಮನೆ. ದೂರದಿಂದ ನೋಡಿದರೆ ಒಂದು ಮುದಿ ಕಪ್ಪೆ ಮನೆಯ ಮೇಲೆ ಗಲ್ಲ ಊರಿ ಕೂತು ಏನನ್ನೋ ಯೋಚಿಸುತ್ತಿರುವ ಹಾಗಿದೆ.

ಆ ಊರಿಗೆ ಬಂದ ಸೊಸೆ, ಬೆಟ್ಟ ಕರೆಯುವವರೆಗೂ ನೆಂಟಳೇ. ಅವಳಿಗೆ ಮೊದಲು ಬಡಿಸುತ್ತಾರೆ. ಒಳ್ಳೆಯ ಚಾಪೆ ಹಾಸುತ್ತಾರೆ. ‘ಬನ್ನಿ, ಕುತ್ಕಳಿ, ಇನ್ನೊಂದು ಮುದ್ದೆ ಹಾಕ್ಲಾ’ ಎನ್ನುತ್ತಾರೆ. ಏಕವಚನವಿಲ್ಲ, ಗದರಿಕೆಯಿಲ್ಲ, ಕೆಲಸವಿಲ್ಲ. ಕೇಳಿದವರಿಗೆ ಸ್ವರ್ಗ ಅನ್ನಿಸಬಹುದು. ಆದರೆ ಅಲ್ಲಿ ಕೂತವರಿಗೆ ಗೊತ್ತು, ಎಷ್ಟು ದಿನವಾದರೂ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಕಾದ ಹಾಗೆಯೇ ಅದು.

ಅವರೆ ಬಲಿತ ಮೇಲೆ ಒಂದು ಬೆಳಿಗ್ಗೆ ಹೆಂಗಸರು ಹೊಸ ಸೊಸೆಯನ್ನು ಕೂಗುಗುಂಡಿನ ಮೇಲೆ ನಿಲ್ಲಿಸುತ್ತಾರೆ. ಎದುರಿಗೆ ಒಂದು ಹಳ್ಳ, ಹಳ್ಳದಾಚೆ ಆಕಾಶಕ್ಕೆ ಒರಗಿಸಿಟ್ಟ ಮೊರದಂತೆ ಬೋಳು ಬಂಡೆ, ಬಂಡೆಯ ನಡುವೆ ಕಪ್ಪಗೆ ಬಾಯಿ ತೆರೆದ ಗವಿ. ಸೊಸೆ ಅದಕ್ಕೆ ಮುಖ ಮಾಡಿ ಎದೆ ತುಂಬ ಗಾಳಿ ಎಳೆದುಕೊಂಡು ಕೂಗಬೇಕು: “ಇದ್ದೀರಾ?”

ಬೆಟ್ಟ ಹೇಳುತ್ತದೆ: “ರಾ… ರಾ…”

ತೆಲುಗಿನಲ್ಲಿ, ‘ಬಾ, ಬಾ’ ಎಂದು. ಅಲ್ಲಿಗೆ ನೆಂಟಸ್ತನ ಮುಗಿಯಿತು. ಸೊಸೆ ಮನೆಯವಳಾದಳು.

ಪದ್ಮಲತಾಳ ಕಷ್ಟ ಇದ್ದದ್ದು ಅಲ್ಲೇ. ಅವಳಿಗೆ ಕೂಗಲು ಬರುವುದಿಲ್ಲ. ಎರಡು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಆಗಿತ್ತು. ಗಡ್ಡೆ ಹೋಯಿತು, ಜೀವ ಉಳಿಯಿತು, ದನಿ ಮಾತ್ರ ಹೋದದ್ದು ಬರಲಿಲ್ಲ. ಈಗ ಅವಳು ಮಾತಾಡಿದರೆ ಒಣಗಿದ ಜೋಳದ ಗರಿ ಗಾಳಿಗೆ ಸವರಿದ ಹಾಗೆ ಕೇಳುತ್ತದೆ. ಪಕ್ಕದಲ್ಲಿ ಕೂತವರಿಗೆ ಸರಿ. ಹಿತ್ತಿಲಲ್ಲಿ ಇರುವವರನ್ನು ಕರೆಯಬೇಕೆಂದರೆ ಎದ್ದು ಹೋಗಿ ಭುಜ ಮುಟ್ಟಬೇಕು.

*

ಜಗಲಿಯ ಮೇಲೆ ಅವರೆಕಾಯಿಯ ರಾಶಿ ಇತ್ತು. ಗಂಗರಾಜುವಿನ ಅಜ್ಜಿ ಈರಕ್ಕ ಕಾಲು ಚಾಚಿಕೊಂಡು ಸುಲಿಯುತ್ತಿದ್ದಳು. ಆ ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. ಪದ್ಮಲತಾ ಬಂದು ಪಕ್ಕದಲ್ಲಿ ಕೂತು ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡಳು.

“ಕೈ ಕಡೀತೈತಾ ನೆಂಟ್ರಮ್ಮ?” ಎಂದಳು ಈರಕ್ಕ.

“ತುಂಬಾ.”

ಈರಕ್ಕ ಆಚೆ ಈಚೆ ನೋಡಿ, ಒಂದು ಹಿಡಿ ಕಾಯಿ ತೆಗೆದು ಅವಳ ಸೆರಗಿನಡಿ ತುರುಕಿದಳು. “ಯಾರೂ ನೋಡ್ದಂಗೆ ಸುಲೀರಿ. ನನ್ ಸೊಸೆ ಕಂಡ್ರೆ ನನಗೂ ಬೈತಾಳೆ. ನಿಮ್ಗಂತೂ ಬೈಯ್ಯಂಗಿಲ್ಲ, ಆ ಪಾಲೂ ನನಗೇ ಬತ್ತೈತೆ.”

ಪದ್ಮಲತಾ ನಕ್ಕಳು. ನಕ್ಕರೆ ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಸೆರಗಿನಡಿ ಸುಲಿಯುತ್ತ, ಅಜ್ಜಿಯ ಕಿವಿಯ ಹತ್ತಿರ ಬಗ್ಗಿ ಕೇಳಿದಳು, “ಅವ್ವಾ, ಅದ್ಯಾಕೆ ಬೆಟ್ಟ ತೆಲುಗಲ್ಲಿ ಕರೀತದೆ? ನೀವೆಲ್ಲ ಕನ್ನಡ ಅಲ್ವಾ?”

“ನಾವು ಕನ್ನಡ ಕಣಮ್ಮ. ಅಲ್ಲಿರೋರು ತೆಲುಗು.” ಈರಕ್ಕ ಗಲ್ಲದಲ್ಲೇ ಎದುರಿನ ಬಂಡೆಯನ್ನು ತೋರಿಸಿದಳು. “ಯಾವ್ದೋ ಕಾಲ್ದಾಗೆ, ಕೆಳಗಿನ ಸೀಮೆ ಮ್ಯಾಲೆ ದಂಡು ಬಂತಂತೆ. ಯಾರ ದಂಡೋ, ಯಾರ ಜಗಳವೋ, ನಮ್ಮೋರಿಗೇನು ಗೊತ್ತು? ಗಂಡ ಹೆಂಡ್ರು ಇಬ್ರು ಒಂದು ಬೊಗಸೆ ಸಜ್ಜೆ ಕಟ್ಕೊಂಡು, ಒಂದು ಎಮ್ಮೆ ಹೊಡ್ಕೊಂಡು ಬೆಟ್ಟ ಹತ್ತಿಬಂದು ಆ ಗವಿಯಾಗೆ ಇದ್ರಂತೆ. ತೆಲುಗೋರು. ಆಮ್ಯಾಕೆ ಅವರ ಮಕ್ಳಿಗೆ ಹೆಣ್ಣು ಬ್ಯಾಡ್ವೇ? ಮಧುಗಿರಿ ಕಡಿಂದ ತಂದ್ರು, ಪಾವಗಡದ ಕಡಿಂದ ತಂದ್ರು. ಬಂದೋವೆಲ್ಲ ಕನ್ನಡದೋವು. ಹೆಂಗಸು ಯಾವ ಮಾತಲ್ಲಿ ಮಗೀಗೆ ಹಾಲು ಕುಡಿಸ್ತಾಳೋ ಅದೇ ಮನೆ ಮಾತಾಯ್ತು. ಕೆಳಗೆ ಕನ್ನಡ ಬೆಳೀತು. ಮ್ಯಾಲಿರೋರು ಮಾತ್ರ ತೆಲುಗಲ್ಲೇ ಉಳ್ಕಂಬಿಟ್ರು.”

“ಅವರಿಗೆ ಕನ್ನಡ ಅರ್ಥ ಆಗ್ತದಾ?”

“ಆಗ್ದೆ ಏನು? ‘ಇದ್ದೀರಾ’ ಅಂದ್ರೆ ಅರ್ಥ ಆಗ್ತದೆ. ಮರ್ಯಾದೆ ಕೊಟ್ಟು ಕೇಳ್ಬೇಕು ಅಷ್ಟೇಯ. ಆದ್ರೆ ಅವ್ರು ನಮಗೆ ತೆಲುಗಲ್ಲಿ ‘ರಂಡಿ’, ಬನ್ನಿ ಅಂತ ಮರ್ಯಾದೆ ಕೊಡಾಕಿಲ್ಲ. ‘ರಾ’ ಅಂತಾರೆ. ಮನೆ ಮಗೀನ ಕರ್ದಂಗೆ.”

ಆ ಹೊತ್ತಿಗೆ ಬೀದಿ ಮೂಲೆಯ ಅಂಗಡಿಯ ದ್ರಾಕ್ಷಾಯಣಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಊರಲ್ಲಿ ಯಾರ ಮನೆಗೆ ಏನು ಬಂತು, ಏನು ಹೋಯಿತು ಎಂಬುದು ಮೊದಲು ಅವಳಿಗೆ ಗೊತ್ತಾಗಿ ಆಮೇಲೆ ಆ ಮನೆಯವರಿಗೆ ಗೊತ್ತಾಗುತ್ತದೆ.

“ಏನ್ ಈರಕ್ಕ, ಹಳೇ ಪುರಾಣ ಊದ್ತಾ ಇದ್ದೀಯ?”

“ನಿನ್ ಪುರಾಣ ಊದ್ಲಾ?” ಎಂದಳು ಈರಕ್ಕ. “ಕೇಳ್ರಮ್ಮ ನೆಂಟ್ರೇ. ಈ ಯಮ್ಮ ಹೊಸದಾಗಿ ಬಂದಾಗ ಸಾವ್ಕಾರ್ರ ಮನೆ ಮಗಳು ಅಂತ ಕೊಬ್ಬು. ಗುಂಡು ಹತ್ತಿ ನಿಂತು, ‘ಇದ್ದೀಯಾ?’ ಅಂದ್ಬುಟ್ಲು! ಬೆಟ್ಟ ಏನಂತು ಗೊತ್ತಾ? ‘ಯಾ… ಯಾ…’ ಅಂತು. ‘ಯಾರೇ ನೀನು’ ಅಂತ ಕೇಳ್ದಂಗೆ!”

“ಸಾಕ್ ಸುಮ್ಕಿರು.” ದ್ರಾಕ್ಷಾಯಣಮ್ಮ ಕೆಂಪಾದಳು. “ಎರಡ್ನೇ ಸಲ ಸರಿಯಾಗೇ ಕೂಗಿದ್ನಲ್ಲ. ನನ್ ಗಂಟ್ಲಿಗೆ ಹುಣಸೆಮರದ ಬಾವಲಿ ಎಲ್ಲ ಎದ್ದೋದ್ವು.” ಆಮೇಲೆ ಪದ್ಮಲತಾಳ ಕಡೆ ತಿರುಗಿ ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದರೂ ಮೂರು ಮನೆಗೆ ಕೇಳುತ್ತದೆ. “ನೀವು ಹೆಂಗಮ್ಮ ಕೂಗ್ತೀರ? ಬೆಟ್ಟ ಸುಮ್ಕಿದ್ರೆ ಉಮಾದೇವಿ ಎಷ್ಟು ವರ್ಷ ಅಂತ ನಿಮ್ ತಟ್ಟೆ ತೊಳೀತಾಳೆ? ಪಾಪಂ, ಅವಳಿಗೂ ಸೊಂಟನೋವು.”

ಸೆರಗಿನಡಿಯ ಅವರೆ ಕಾಳು ಪದ್ಮಲತಾಳ ಬೆರಳಿನಿಂದ ಜಾರಿ ಜಗಲಿಯ ಮೇಲೆ ಉರುಳಿ, ಮೆಟ್ಟಿಲು ಇಳಿದು ಹೋಯಿತು.

*

ಗುರುವಾರ ನಾರಪ್ಪನ ಗೂಡ್ಸ್ ಆಟೋ ಬರುವ ದಿನ. ನಾರಪ್ಪ ಪದ್ಮಲತಾಳ ಸೋದರಮಾವ. ಕಲ್ಯಾಣದುರ್ಗದಿಂದ ಈರುಳ್ಳಿ, ಬೆಳ್ಳುಳ್ಳಿ ಹಾಕಿಕೊಂಡು ಊರೂರು ತಿರುಗುವವನು. ಆಟೋ ಹುಣಸೆಮರ ತಲುಪುವ ಮೊದಲೇ ಅದರ ಮೈಕಿನ ದನಿ ಬೆಟ್ಟ ಹತ್ತಿ ಬರುತ್ತಿತ್ತು.

“ಎರ್ರಗಡ್ಡಲೂ… ತೆಲ್ಲಗಡ್ಡಲೂ… ಅಮ್ಮಾ ರಾ, ಅಕ್ಕಾ ರಾ…”

ತುಂಬಿದ ಕೊಡದಿಂದ ನೀರು ಬಗ್ಗಿಸಿದ ಹಾಗಿದ್ದ ಆ ದನಿ ಪದ್ಮಲತಾಳದೇ. ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಮಾವ ಕೂರಿಸಿಕೊಂಡು ರೆಕಾರ್ಡ್ ಮಾಡಿಸಿದ್ದ. ತೆಲುಗಿನಲ್ಲಿ ಗಡ್ಡ ಎಂದರೆ ಗೆಡ್ಡೆ; ಗಡ್ಡ, ಗಡ್ಡ ಎಂದು ಕೂಗಿ ಕೂಗಿಯೇ ಹುಡುಗಿಗೆ ಗಂಟಲಲ್ಲಿ ಗಡ್ಡೆಯಾಯಿತು ಎಂದು ಕಲ್ಯಾಣದುರ್ಗದ ಬೀದಿಯವರು ಆಮೇಲೆ ಆಡಿಕೊಂಡರು. ಅವಳೂ ಅವರ ಜೊತೆ ನಕ್ಕಿದ್ದಳು, ಭುಜ ಕುಣಿಸಿ.

ಗಂಗರಾಜು ಮೊದಲು ಕೇಳಿದ್ದು ಆ ದನಿಯನ್ನೇ. ಅವನು ಟೆಂಪೋದಲ್ಲಿ ಹುಣಸೆಹಣ್ಣು ಸಾಗಿಸುವವನು. ರೊದ್ದಂ ಸಂತೆಯಲ್ಲಿ ನಿಂತು ಆಟೋ ಹೋಗುವವರೆಗೂ ಕೇಳಿ, ನಾರಪ್ಪನನ್ನು ಹಿಡಿದು ವಿಚಾರಿಸಿದ. ನಾರಪ್ಪ ಇದ್ದದ್ದನ್ನು ಇದ್ದಹಾಗೆ ಹೇಳಿದ. ಆ ದನಿ ಈಗ ಇಲ್ಲಪ್ಪ, ಹುಡುಗಿ ಇದ್ದಾಳೆ. ಗಂಗರಾಜು ಆದರೂ ಬಂದ. ಅವಳು ಏನೋ ಅಂದಾಗ ‘ಏನು?’ ಎಂದು ಎರಡನೇ ಸಲ ಕೇಳಲಿಲ್ಲ. ಮೊದಲೇ ತಲೆ ಬಗ್ಗಿಸಿ ಕಿವಿಯನ್ನು ಹತ್ತಿರ ತಂದಿದ್ದ. ಬಾವಿಯಲ್ಲಿ ನೀರಿದೆಯೇ ಎಂದು ಬಗ್ಗಿ ನೋಡುವವನ ಹಾಗೆ. ಅದಕ್ಕೇ ಅವಳು ಒಪ್ಪಿದ್ದು.

ಅಂಥ ಗಂಗರಾಜುವೇ ಆ ಗುರುವಾರ ಸಂಜೆ ಉತ್ಸಾಹದಿಂದ ಬಂದ.

“ಪದ್ಮೀ, ಒಂದು ಐಡಿಯಾ. ನಾರಪ್ಪ ಮಾವನ ಮೈಕ್ ಬಿಚ್ಚಿ ಕೂಗುಗುಂಡಿನ ಮೇಲೆ ಕಟ್ಟಿಬಿಡಾನ. ಬ್ಯಾಟರಿ ನಾನು ಹೊತ್ಕೊಂಡು ಹೋಯ್ತೀನಿ. ಅದೂ ನಿನ್ ದನೀನೇ ಅಲ್ವಾ? ಅದ್ರಾಗೇ ‘ರಾ’ ಅಂತ ಬೇರೆ ಐತೆ. ಬೆಟ್ಟ ‘ರಾ’ ಅನ್ನದೆ ಎಲ್ಲಿ ಹೋಯ್ತದೆ?”

ಅವಳು ಅವನ ಮುಖ ನೋಡಿದಳು. ಕೆಳಗೆ ಆಟೋ ತಿರುಗಿ ಹೋಗುತ್ತಿತ್ತು. ಅಮ್ಮಾ ರಾ, ಅಕ್ಕಾ ರಾ ಎನ್ನುವ ದನಿ ತೆಳ್ಳಗಾಗುತ್ತ, ಹೊಲಗಳ ಮೇಲಿನ ಹೊಗೆಯೊಂದಿಗೆ ಬೆರೆಯಿತು.

“ಅದು ನಂದಲ್ಲ,” ಎಂದಳು. ಅವನು ಬಗ್ಗಿದ. “ಆ ಹುಡುಗಿ ಹೋದಳು. ಬೆಟ್ಟ ಅವಳನ್ನ ಕರೆದರೆ ಅವಳು ಬರ್ತಾಳಾ? ನಿಮ್ಮ ಮನೇಲಿ ಉಣ್ಣೋಳು ನಾನು. ಕರೆಯೋದಾದರೆ ನನ್ನನ್ನೇ ಕರೀಲಿ.”

ಗಂಗರಾಜು ತಲೆ ಕೆರೆದುಕೊಂಡ. ಆಮೇಲೆ, “ನಾನು ಕರ್ದಿದ್ದು ಆ ಹುಡುಗೀನ ಅಲ್ಲ ಕಣೇ,” ಎಂದ. ಅದು ಅವಳಿಗೆ ಸಾಕಾಯಿತು. ಆದರೆ ಬೆಟ್ಟಕ್ಕೆ ಸಾಕಾಗಬೇಕಲ್ಲ.

*

ಪದ್ಮಲತಾ ಕೂಗಬೇಕಾದ ಬೆಳಿಗ್ಗೆ ಮಂಜು ಎಷ್ಟು ಬಿದ್ದಿತ್ತೆಂದರೆ ಕೆಳಗಿನ ಸೀಮೆಯೇ ಇರಲಿಲ್ಲ. ಕೆರೆ ಇಲ್ಲ, ರಸ್ತೆ ಇಲ್ಲ, ಹುಣಸೆಮರದ ತುದಿ ಮಾತ್ರ ಹಾಲಿನ ಮೇಲೆ ತೇಲುವ ಕರಿಬೇವಿನ ಎಸಳಿನಂತೆ ಕಾಣುತ್ತಿತ್ತು. ಗುಂಡುಗಳು ಮಂಜಿನಲ್ಲಿ ಒಂದೊಂದು ಹೆಜ್ಜೆ ಸರಿದು ನಿಂತ ಹಾಗೆ, ಎಲ್ಲ ಮನೆಗಳೂ ಸ್ವಲ್ಪ ಜಾಗ ಬದಲಿಸಿದ ಹಾಗೆ ಇತ್ತು. ಎಲ್ಲೋ ನವಿಲೊಂದು ಕೂಗಿ, ತನ್ನ ದನಿಗೆ ತಾನೇ ಬೆದರಿ ಸುಮ್ಮನಾಯಿತು.

ಗಂಡಸರು ಕೂಗುಗುಂಡಿಗೆ ಬರುವಂತಿಲ್ಲ. ಗಂಗರಾಜು ಕೆಳಗೆ, ದಾರಿಯ ತಿರುವಿನಲ್ಲಿ ಬೀಡಿ ಹಚ್ಚದೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಮೇಲೆ ಉಮಾದೇವಿ, ಕೋಲು ಊರಿಕೊಂಡ ಈರಕ್ಕ, ದ್ರಾಕ್ಷಾಯಣಮ್ಮ, ಇನ್ನೂ ಕೆಲವು ಹೆಂಗಸರು.

“ಬನ್ನಿ, ಹುಷಾರಾಗಿ ಹತ್ತಿ, ಪಾಚಿ ಐತೆ,” ಎಂದು ಉಮಾದೇವಿ ಕೈ ಕೊಟ್ಟಳು. ಆ ಕೈ ತಣ್ಣಗಿತ್ತು. ಅತ್ತೆಗೂ ಹೆದರಿಕೆಯಾಗಿದೆ ಎಂಬುದು ಪದ್ಮಲತಾಳಿಗೆ ಆಗ ತಿಳಿಯಿತು.

ಅವಳು ನಿಂತಳು. ಎದುರಿನ ಬಂಡೆ ಮಂಜಿನಲ್ಲಿ ಅರ್ಧ ಇತ್ತು, ಅರ್ಧ ಇರಲಿಲ್ಲ. ಗವಿ ಮಾತ್ರ ಕಪ್ಪಗೆ ಕಾಣುತ್ತಿತ್ತು. ಎದೆ ತುಂಬ ತಣ್ಣನೆಯ ಗಾಳಿ ಎಳೆದುಕೊಂಡು, ಹೊಟ್ಟೆಯ ಆಳದಿಂದ ನೂಕಿದಳು.

“ಇದ್ದೀರಾ?”

ಬಂದದ್ದು ಅದೇ ಜೋಳದ ಗರಿಯ ಸದ್ದು. ಗುಂಡಿನ ಅಂಚಿನವರೆಗೂ ಹೋಗಲಿಲ್ಲ. ಮತ್ತೆ ಕೂಗಿದಳು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಮೂರನೆಯ ಸಲ ಗಾಳಿ ಮಾತ್ರ ಹೊರಟಿತು, ಮಾತೇ ಹೊರಡಲಿಲ್ಲ. ಬೆಟ್ಟ ಸುಮ್ಮನೆ ನಿಂತಿತ್ತು. ಪಕ್ಕದಲ್ಲಿ ಮೇಕೆಯೊಂದು ಎಲೆ ಕಡಿಯುವ ಸದ್ದು ಕೇಳುವಷ್ಟು ಸುಮ್ಮನೆ.

“ಏನಾಯ್ತು ಈಗ?” ದ್ರಾಕ್ಷಾಯಣಮ್ಮ ಮೊದಲು ಬಾಯಿಬಿಟ್ಟಳು. “ನಾನು ಕೂಗಿಬಿಡ್ಲಾ ಇವರ ಬದ್ಲಿಗೆ? ಬೆಟ್ಟಕ್ಕೇನು ಕಣ್ಣೈತಾ?”

“ನೀನು ಕೂಗಿದ್ರೆ ನಿನ್ನ ಕರೀತೈತೆ. ಎಷ್ಟು ಸಲ ಸೊಸೆ ಆಗ್ತೀಯ ನೀನು?” ಎಂದಳು ಈರಕ್ಕ. ಯಾರೋ ನಕ್ಕರು. ಉಮಾದೇವಿ ನಗಲಿಲ್ಲ.

“ಮುಂದಿನ ಅವರೆಗೆ ನೋಡಾನ ಬಿಡಿ,” ಎಂದಳು ಮೆತ್ತಗೆ. “ಇಳೀರಿ. ಚಳಿ ಐತೆ. ಮನೇಗೆ ಹೋಗಿ ಬಿಸಿ ಕಾಫಿ ಕುಡೀರಿ.”

ಇಳೀರಿ. ಕುಡೀರಿ. ಇನ್ನೊಂದು ಅವರೆ ಬರುವವರೆಗೂ ಈ ‘ರಿ’. ಪದ್ಮಲತಾ ಇಳಿಯಲಿಲ್ಲ. ಅವಳು ಗವಿಯನ್ನೇ ನೋಡುತ್ತಿದ್ದಳು. ಹಾಗೆ ನೋಡುತ್ತಿದ್ದಾಗ ಅವಳಿಗೆ ಒಂದು ಸಣ್ಣ ವಿಷಯ ಹೊಳೆಯಿತು. ತಿರುಗಿ ಈರಕ್ಕನ ಹತ್ತಿರ ಬಂದು ಕಿವಿಯಲ್ಲಿ ಕೇಳಿದಳು.

“ಅವ್ವಾ, ಅವರು ಬಾ ಅಂತಾರೆ ಅಂದ್ರಲ್ಲ. ಯಾರಾದ್ರೂ ಹೋಗಿದ್ರಾ?”

“ಎಲ್ಲಿಗೆ?”

“ಅಲ್ಲಿಗೇ. ಕರೆದರಲ್ಲ, ಅಲ್ಲಿಗೆ.”

ಈರಕ್ಕ ಗವಿಯ ಕಡೆ ತಿರುಗಿದಳು. ಉಮಾದೇವಿಯ ಮುಖ ನೋಡಿದಳು. ಉಮಾದೇವಿ ದ್ರಾಕ್ಷಾಯಣಮ್ಮನ ಮುಖ ನೋಡಿದಳು. ಯಾವ ಕಾಲದಿಂದಲೋ ಒಬ್ಬೊಬ್ಬ ಸೊಸೆಯೂ ಈ ಗುಂಡಿನ ಮೇಲೆ ನಿಂತು, ಬಾ ಎನ್ನಿಸಿಕೊಂಡು, ಸಂತೋಷವಾಗಿ ಹಿಂದಕ್ಕೆ ತಿರುಗಿ ಮನೆಗೆ ಹೋಗಿದ್ದಳು. ಕರೆದವರ ಮನೆಗೆ ಒಬ್ಬಳೂ ಹೋಗಿರಲಿಲ್ಲ.

“ಅಲ್ಲಿ ಕರಡಿ ಇರ್ತಾವೆ ಕಣಮ್ಮ,” ಎಂದಳು ದ್ರಾಕ್ಷಾಯಣಮ್ಮ, ಸ್ವಲ್ಪ ತಪ್ಪಿಸಿಕೊಳ್ಳುವ ದನಿಯಲ್ಲಿ.

“ಸೀತಾಫಲದ ಕಾಲ ಮುಗೀತಲ್ಲ, ಕರಡಿಗೇನು ಕೆಲಸ ಅಲ್ಲಿ?” ಎಂದಳು ಈರಕ್ಕ. ಆಮೇಲೆ ಅವಳಿಗೆ ನಗು ಬಂತು. ಬೊಚ್ಚುಬಾಯಿಯ ನಗು, ಕೆಮ್ಮಿನ ಜೊತೆ ಬೆರೆತದ್ದು. “ಥೂ ನಮ್ಮ! ಪಾಪ, ಅಲ್ಲಿ ಕುತ್ಕಂಡು ಬಾರೇ ಬಾರೇ ಅಂತ ಕರ್ದಿದ್ದೂ ಕರ್ದಿದ್ದೇ! ಈ ಕಡಿಂದ ‘ಇದ್ದೀರಾ’ ಅಂತ ಕೇಳಾದು, ಅವರು ಬಾ ಅಂತ ಬಾಗ್ಲು ತೆಗ್ಯಾದು, ನಾವು ಓಡಿ ಬರಾದು! ಎಂಥ ನೆಂಟರೇ ನಾವು?”

ಅವಳು ತನ್ನ ಕೋಲನ್ನು ಪದ್ಮಲತಾಳ ಕೈಗೆ ಕೊಟ್ಟಳು. “ಹೋಗಿಬನ್ನಿ. ದನಿ ಮುಟ್ಟದಿದ್ರೆ ಕಾಲು ಮುಟ್ತಾವೆ. ಬಲಗಡೆ ಹಿಡ್ಕೊಂಡು ಹೋಗಿ, ಮೇಕೆ ದಾರಿ ಐತೆ.”

ಉಮಾದೇವಿ ಬೇಡವೆನ್ನಲು ಕೈ ಎತ್ತಿದಳು. ಆದರೆ ನೆಂಟರನ್ನು ತಡೆಯುವುದು ಹೇಗೆ? ಎತ್ತಿದ ಕೈ ಹಾಗೇ ನಿಂತಿತು.

*

ಹಳ್ಳಕ್ಕೆ ಇಳಿದ ಕೂಡಲೇ ಹಿಂದಿನ ಹೆಂಗಸರು ಮಾಯವಾದರು. ಅವರ ಮಾತು ಸ್ವಲ್ಪ ದೂರ ಜೊತೆಗೆ ಬಂದು ಅದೂ ನಿಂತಿತು. ಮಂಜು ಕಾಲಿಗೆ ಬಟ್ಟೆಯಂತೆ ಸುತ್ತಿಕೊಳ್ಳುತ್ತಿತ್ತು. ಪದ್ಮಲತಾಳ ಉಸಿರು ಅವಳ ಮುಂದೆ ಮುಂದೆ ಬೆಳ್ಳಗೆ ನಡೆಯುತ್ತಿತ್ತು. ಹುಲ್ಲಿನ ತುದಿಯಲ್ಲೆಲ್ಲ ಜೇಡರ ಬಲೆ, ಬಲೆಯಲ್ಲೆಲ್ಲ ಇಬ್ಬನಿ. ರಾತ್ರಿಯೆಲ್ಲ ಯಾರೋ ಕೂತು ಹೆಣೆದಿಟ್ಟು, ಬೆಳಗಾಗುವ ಮೊದಲೇ ಎದ್ದು ಹೋಗಿದ್ದರು.

ಮೇಕೆಯ ದಾರಿ ಬಂಡೆಯ ಬದಿಗೆ ಹತ್ತಿತು. ಬಂಡೆಗೆ ಕೈಯಿಟ್ಟರೆ ಬೆಚ್ಚಗಿತ್ತು. ನಿನ್ನೆಯ ಬಿಸಿಲನ್ನು ಅದು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಮಲಗಿದ ಎಮ್ಮೆಯ ಹೊಟ್ಟೆ ಸವರಿದಂತೆ ಸವರುತ್ತ ಹತ್ತಿದಳು.

ಕೆಳಗಿನಿಂದ ಬೊಗಸೆಯಷ್ಟು ಕಾಣುತ್ತಿದ್ದ ಗವಿ ಹತ್ತಿರ ಬಂದಾಗ ಒಂದು ಮದುವೆಯ ಚಪ್ಪರದಷ್ಟು ಅಗಲವಾಗಿತ್ತು. ಒಳಗೆ ಕರಡಿ ಇರಲಿಲ್ಲ. ಒಣ ನೆಲ, ಬಾವಲಿಯ ವಾಸನೆ, ಇನ್ನೊಂದು ವಾಸನೆ ಯಾವುದೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು: ಹಳೆಯ ಹೊಗೆ. ತಲೆ ಎತ್ತಿ ನೋಡಿದಳು. ಚಾವಣಿಯ ಬಂಡೆ ಒಂದು ಮೂಲೆಯಲ್ಲಿ ಕಪ್ಪಗಿತ್ತು, ಅಡುಗೆಮನೆಯ ಜಂತೆಯಷ್ಟೇ ಕಪ್ಪಗೆ. ಮುಟ್ಟಿದರೆ ಬೆರಳಿಗೆ ಮಸಿ ಬಂತು. ಅದರ ಕೆಳಗೆ ನೆಲದ ಕಲ್ಲಿನಲ್ಲಿ ನುಣ್ಣನೆಯ ಒಂದು ಗುಣಿ. ಅಂಗೈ ಇಟ್ಟರೆ ಅಂಗೈಯನ್ನು ಕೂರಿಸಿಕೊಳ್ಳುವಂಥದು. ಅದು ಒರಳು. ಎಷ್ಟೋ ವರ್ಷ ಯಾರೋ ಸಜ್ಜೆ ಕುಟ್ಟಿ, ಅರೆದು, ಕಲ್ಲನ್ನು ಹಾಗೆ ಸವೆಸಿದ್ದರು. ಪಕ್ಕದಲ್ಲಿ ಮಂಡಿ ಊರಲು ಎರಡು ಸಣ್ಣ ತಗ್ಗು. ಕೂತವಳ ಮಂಡಿಯ ಗುರುತು.

ಪದ್ಮಲತಾ ಆ ತಗ್ಗುಗಳಲ್ಲಿ ತನ್ನ ಮಂಡಿ ಊರಿದಳು. ಸರಿಹೋಯಿತು. ಯಾರೋ ಪಕ್ಕಕ್ಕೆ ಸರಿದು ಜಾಗ ಬಿಟ್ಟ ಹಾಗೆ ಅನ್ನಿಸಿತು. ಎಲ್ಲಿಂದಲೋ ಬಂದು ಇಲ್ಲಿ ಒಲೆ ಹಚ್ಚಿದವಳೂ ಮೊದಲ ದಿನ ಹೀಗೆಯೇ ಕೂತು, ಯಾವ ಪಾತ್ರೆ ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿರಬೇಕು. ಅವಳಿಗೂ ಆಗ ಇದು ಪರವೂರೇ. ಅವಳನ್ನು ಬಾ ಎಂದು ಕರೆದವರು ಯಾರಿದ್ದರು? ಯಾರೂ ಇರಲಿಲ್ಲ. ಅದಕ್ಕೇ ಆಮೇಲೆ ಬಂದವರನ್ನೆಲ್ಲ ಅಷ್ಟು ಕರೆದಳೋ ಏನೋ.

ಕೂಗಬೇಕಾಗಿರಲಿಲ್ಲ. ಎದುರಿಗೆ ಕೂತವರನ್ನು ಕೇಳಿದಂತೆ ಕೇಳಿದಳು.

“ಇದ್ದೀರಾ?”

ಗವಿ ಆ ಪಿಸುಮಾತನ್ನು ಎತ್ತಿಕೊಂಡಿತು. ಬಾಗಿದ ಚಾವಣಿಯುದ್ದಕ್ಕೂ ಉರುಳಿಸಿ, ಮೂಲೆಗೆ ಒಯ್ದು, ತಿರುಗಿಸಿ ತಂದು ಅವಳ ಕಿವಿಯ ಹತ್ತಿರವೇ ಇಟ್ಟಿತು. ಅವಳ ದನಿಯ ಹಾಗೆಯೇ ಒಡೆದದ್ದು, ಒಣಗಿದ್ದು, ಮೆಲ್ಲನೆಯದು.

“…ರಾ… ರಾ…”

ಬೆಟ್ಟಕ್ಕೂ ಗಂಟಲು ಸರಿಯಿಲ್ಲವೇನೋ ಎಂದು ಅವಳಿಗೆ ನಗು ಬಂತು. ನಕ್ಕರೆ ಕಣ್ಣೀರು ಬಂತು. ಹಾಗೇ ಕೂತಳು. ಎಷ್ಟು ಹೊತ್ತೋ ಗೊತ್ತಿಲ್ಲ, ಮಂಜು ಗವಿಯ ಬಾಯಿಯಲ್ಲಿ ಬಂದು ಇಣುಕಿ ಹಿಂದೆ ಹೋಗುತ್ತಿತ್ತು. ಇದು ಕನಸಾದರೆ ಮಂಡಿ ಯಾಕೆ ತಣ್ಣಗಾಗುತ್ತಿದೆ ಎಂದು ಯೋಚಿಸಿದ್ದು ಮಾತ್ರ ನೆನಪು.

ಆಗ ಹೊರಗಿನಿಂದ, ಹಳ್ಳದಾಚೆಯಿಂದ, ಇನ್ನೊಂದು ದನಿ ಮಂಜನ್ನು ಸೀಳಿಕೊಂಡು ಬಂತು. ಬೆದರಿದ ದನಿ, ಒಡೆದ ದನಿ.

“ಪದ್ಮೀ! ಏಯ್ ಪದ್ಮೀ! ಇದ್ದೀಯೇನೇ? ಸಾಕು ಬಾ! ಬಾರೇ!”

ಗವಿ ಅದನ್ನೂ ಹಿಡಿದು ತಿರುಗಿಸಿತು. “ಬಾರೇ… ರೇ… ರೇ…”

ಉಮಾದೇವಿಯ ದನಿ. ಅದರಲ್ಲಿ ಒಂದೂ ‘ರಿ’ ಇರಲಿಲ್ಲ.

ಪದ್ಮಲತಾ ಬಾಯಿ ತೆರೆದಳು, ಓಗೊಡಲು ದನಿಯಿಲ್ಲ. ಈರಕ್ಕನ ಕೋಲನ್ನು ತೆಗೆದುಕೊಂಡು ಒರಳಿನ ಅಂಚಿಗೆ ಟಕ್ ಟಕ್ ಎಂದು ಬಡಿದಳು. ಬೆಟ್ಟದ ಹೊಟ್ಟೆಯಲ್ಲಿ ಯಾರೋ ಕುಟ್ಟಲು ಕೂತ ಹಾಗೆ ಆ ಸದ್ದು ಹೊರಗೆ ಹೋಯಿತು.

*

ಅವಳು ಹಳ್ಳ ದಾಟಿ ಬರುವುದಕ್ಕೂ ಬಿಸಿಲು ಮೂಡುವುದಕ್ಕೂ ಸರಿಹೋಯಿತು. ಉಮಾದೇವಿ ಗುಂಡಿನಿಂದ ಇಳಿದು ಅರ್ಧ ದಾರಿ ಬಂದುಬಿಟ್ಟಿದ್ದಳು. ಸೀರೆಯ ಅಂಚು ಇಬ್ಬನಿಯಲ್ಲಿ ನೆನೆದಿತ್ತು.

“ಎಲ್ಲೇ ಹೋಗಿ ಸತ್ತಿದ್ದೆ ಇಷ್ಟೊತ್ತು? ಇಲ್ಲಿ ನಮ್ ಜೀವ ಕೈಲಿ ಹಿಡ್ಕೊಂಡು ನಿಂತಿದ್ದೀವಿ! ನೋಡು, ನೋಡು ಹೊಸ ಸೀರೆನ! ಮಂಡಿಗೆಲ್ಲ ಮಣ್ಣು, ಮುಖಕ್ಕೆಲ್ಲ ಮಸಿ. ಒಲೆ ಒಳಗೆ ಹೊಕ್ಕು ಬಂದವ್ಳಂಗೆ!”

ಬೈದು ಮುಗಿಸಿದ ಮೇಲೆ ಅವಳಿಗೇ ಕೇಳಿಸಿತು. ಸೆರಗಿನಿಂದ ಸೊಸೆಯ ಮುಖದ ಮಸಿ ಒರೆಸುತ್ತಿದ್ದ ಕೈ ನಿಂತಿತು.

“ಅದ್ಸರಿ, ಬೆಟ್ಟ ಏನಂತಮ್ಮ?” ದ್ರಾಕ್ಷಾಯಣಮ್ಮನಿಗೆ ತಡೆಯಲಾಗಲಿಲ್ಲ. “ಕರೀತಾ?”

ಪದ್ಮಲತಾ ತಲೆಯಾಡಿಸಿದಳು. ಎಲ್ಲರೂ ಹತ್ತಿರ ಬಂದು ಬಗ್ಗಿದರು. ಗಂಗರಾಜು ಮೊದಲ ದಿನ ಬಗ್ಗಿದ್ದನಲ್ಲ, ಹಾಗೆ.

“ಎರಡು ಸಲ ಕರೀತು. ಒಂದ್ಸಲ ‘ರಾ’ ಅಂತು. ಇನ್ನೊಂದ್ಸಲ ‘ಬಾರೇ’ ಅಂತು.”

“ಬಾರೇ?” ದ್ರಾಕ್ಷಾಯಣಮ್ಮ ಕಣ್ಣರಳಿಸಿದಳು. “ಬೆಟ್ಟಕ್ಕೆ ಕನ್ನಡ ಯಾವಾಗ ಬಂತೇ?”

“ಈಗಿನ್ನೂ ಬಂತು ಕಣೇ,” ಎಂದಳು ಈರಕ್ಕ, ತನ್ನ ಕೋಲನ್ನು ವಾಪಸು ಇಸಿದುಕೊಳ್ಳುತ್ತ. “ನನ್ ಸೊಸೆ ಕಲಿಸ್ಬುಟ್ಲು. ಆ ಗಂಟ್ಲಿಗೆ ಬೆಟ್ಟ ಏನು, ಬೆಟ್ಟದ ತಾತನೂ ಕಲೀತಾನೆ!”

ಉಮಾದೇವಿ, “ನೀನ್ ಸುಮ್ಕಿರತ್ತೆ,” ಎಂದು ಗದರಿ ಮುಖ ಆಚೆ ತಿರುಗಿಸಿಕೊಂಡಳು. ಆಮೇಲೆ, ತಿರುಗದೆಯೇ, “ನಡಿಯೇ ಮನೇಗೆ, ಹಿತಕಿದಬೇಳೆ ಒಲೆ ಮ್ಯಾಲೈತೆ,” ಎಂದಳು.

ದಾರಿಯ ತಿರುವಿನಲ್ಲಿ ಗಂಗರಾಜು ಇನ್ನೂ ಆ ಹಚ್ಚದ ಬೀಡಿಯನ್ನೇ ಹಿಡಿದುಕೊಂಡಿದ್ದ. ಅವನು ಕಿವಿ ಹತ್ತಿರ ತಂದ. ಅವಳು ಅದರಲ್ಲಿ ಏನು ಹೇಳಿದಳೋ, ಅವನು ಬೀಡಿಯನ್ನು ಜೇಬಿಗೆ ಹಾಕಿಕೊಂಡು ಮನೆಯವರೆಗೂ ನಗುತ್ತಲೇ ಬಂದ.

ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಪದ್ಮಲತಾ ಕೊನೆಯಲ್ಲಿ ಉಂಡು ಎದ್ದಳು. ತನ್ನ ತಟ್ಟೆ ಎತ್ತಿದಳು. ಯಾರೂ ಏನೂ ಅನ್ನಲಿಲ್ಲ. ಈರಕ್ಕನ ತಟ್ಟೆ, ಗಂಗರಾಜುವಿನ ತಟ್ಟೆಗಳನ್ನು ಅದರ ಮೇಲೆ ಪೇರಿಸಿಕೊಂಡು ಹಿತ್ತಿಲಿಗೆ ಬಂದಳು. ಅಲ್ಲಿ ಉಮಾದೇವಿ ಸಾರಿನ ಪಾತ್ರೆ ತಿಕ್ಕುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಕೈಯೆಲ್ಲ ನೊರೆಯಾಗಿದ್ದರಿಂದ, ತೆಂಗಿನ ನಾರಿಟ್ಟಿದ್ದ ಡಬ್ಬಿಯನ್ನು ಕಾಲಿನಿಂದಲೇ ಸೊಸೆಯ ಕಡೆ ತಳ್ಳಿ, ಕಲ್ಲಿನ ಮೇಲೆ ಸ್ವಲ್ಪ ಸರಿದು ಕೂತಳು.